ಅಕ್ಕೋರ ಬೂಟು ಯುರೋಪಕ್ಕ ಹೋದದ್ದು

ಬೈಲಹೊಂಗಲ ಪ್ಯಾಟ್ಯಾಗ ನಮ್ಮ ಅಬ್ಬಾ ಹಾಕಿದ ಜೋಡಿನ ಅಂಗಡಿ ಐತಿ, ಬೂಟು ಚಪ್ಪಲಿ ಮಾರೂದು. ಅದರಾಗ ಗಿಡ್ಡ ಸ್ಟೂಲಿನ ಮ್ಯಾಲೆ ಕುಂತು ನಾ ಮೂವತ್ತು ವರ್ಷ ಮಂದಿ ಕಾಲು ಹಿಡದೇನಿ. ನಗಬೇಕಂದ್ರ ನಾನೇನು ಎಲ್ಲೂ ಹೋಗೂದು ಬ್ಯಾಡ. ದಿನಾ ಒಂದಿಲ್ಲೊಂದು ಪ್ರಸಂಗ ತನ್ನ ಕಾಲಿಲೇ ನಡಕೋತ ಅಂಗಡಿಗೆ ಬರತದ. ಅದರಾಗ ಅಕ್ಕೋರ ಬೂಟಿಂದಂತೂ ಒಂದಕ್ಕ ಮುಗೀಲಿಲ್ಲ.

೧. ಅರ್ಧಾ ಮಾರ್ಕು

ಅಕ್ಕೋರು ಅಂದ್ರ ನನಗ ನಾಕನೇತ್ತಾದಾಗ ಲೆಕ್ಕ ಕಲಿಸಿದವರು. ನನ್ನ ಲೆಕ್ಕದಾಗ ಉತ್ತರ ಯಾವತ್ತೂ ಸರಿ ಇರತಿತ್ತು, ರೀತಿ ಮಾತ್ರ ತಪ್ಪು. ಯಾಕಂದ್ರ ಉತ್ತರ ಬರತಿದ್ದದ್ದು ಬಾಜೂದವನ ಪಾಟಿಯಿಂದ. ಅಕ್ಕೋರು ಪಾಟಿ ನೋಡಿ, "ರೀತಿ ತಪ್ಪು, ಉತ್ತರ ಸರಿ, ಅರ್ಧಾ ಮಾರ್ಕು" ಅಂತ ಬರದು ಕೊಡತಿದ್ರು. ವರ್ಷ ಮುಗಿಯೂತನಾ ಅವರ ಬಾಯಿಂದ ಒಂದು ಶಾಬಾಸ್ ಬರಲಿಲ್ಲ. ಆ ಹಸಿವು ನನಗ ದೊಡ್ಡಂವ ಆದರೂ ಹೋಗಿರಲಿಲ್ಲ.

ಎರಡು ಸಾವಿರದ ಮೂರೋ ನಾಕೋ ಇಸವಿ ಇರಬೇಕು. ಅಕ್ಕೋರು ರಿಟೈರ್ ಆಗಿದ್ರು. ಜಿಲ್ಲಾದಾಗಿನ ರಿಟೈರ್ ಆದ ಮಾಸ್ತರು, ಅಕ್ಕೋರು ಎಲ್ಲಾ ಕೂಡಿ ಒಂದು ಗುಂಪು ಕಟ್ಟಿಕೊಂಡು ಯುರೋಪ ನೋಡಾಕ ಹೊಂಟಿದ್ರು. ಒಂದಿನ ಅಕ್ಕೋರು ತಮ್ಮ ಯಜಮಾನರನ್ನ ಕರಕೊಂಡು ಅಂಗಡಿಗೆ ಬಂದು, ಟೂರಿನವರು ಕೊಟ್ಟ ಕಾಗದ ನನ್ನ ಮುಂದ ಹಿಡದ್ರು. "ದಿನಾ ಎಂಟು ಹತ್ತು ಕಿಲೋಮೀಟರ್ ನಡಿಯೂದು ಇರತದ, ಆರಾಮ ಆಗೂವಂಥಾ ಬೂಟು ಇರಲೇಬೇಕು" ಅಂತ ಬರದಿತ್ತು.

"ಹುಟ್ಟಿದಾಗಿಂದ ಬೂಟು ಹಾಕಿದಾಕಿ ಅಲ್ಲ ನಾ. ಸೀರಿ ಉಟ್ಟು ಬೂಟು ಹಾಕ್ಕೊಂಡ್ರ ಹೆಂಗ ಕಾಣತೇನೋ ಏನೋ" ಅಂದ್ರು.

"ಪೊಲೀಸ ಫೌಜದಾರ ಕಂಡಂಗ ಕಾಣತಿ. ಈಗೇನು ಕಡಿಮಿ ಕಾಣತಿ?" ಅಂದ್ರು ಯಜಮಾನರು. ಅಕ್ಕೋರು ಅವರ ಕಡೆ ಒಮ್ಮೆ ನೋಡಿದ್ರು. ಯಜಮಾನರು ಹೊರಗ ಹೋಗಿ ನಮ್ಮ ಅಂಗಡಿ ಬೋರ್ಡು ಓದಾಕ ಹತ್ತಿದ್ರು.

"ನೋಡಪಾ, ಕಾಲಿಗೆ ಒಂದು ಗುಳ್ಳಿ ಏಳಲಾರದ ಊರಿಗೆ ತಿರುಗಿ ಬಂದ್ನೆಂದ್ರ, ಇಲ್ಲೇ ಬಂದು ನಿನಗ ಶಾಬಾಸ್ ಅಂತೇನಿ. ಗುಳ್ಳಿ ಎದ್ದರ..." ಅಂತ ಅಕ್ಕೋರು ಅಷ್ಟಕ್ಕ ನಿಲ್ಲಿಸಿದ್ರು.

ನಾ ನಲವತ್ತೈದು ವರ್ಷದ ಗಂಡಸು, ಎರಡು ಮಕ್ಕಳ ತಂದಿ. ಕೈ ತಾನ ಹೋಗಿ ಕಿವಿ ಹಿಡಕೊಂಡಿತು.

೨. ಕಾಲುಂಗರ

ಹೆಂಗಸರ ಬೂಟು ಅಂಗಡ್ಯಾಗ ಇದ್ದದ್ದ ನಾಕು ನಮೂನಿ. ನಾಕೂ ಮುಂದ ಚೂಪು. ಅಕ್ಕೋರ ಕಾಲಾಗ ದಪ್ಪನ್ನ ಬೆಳ್ಳಿ ಕಾಲುಂಗರ. ಯಾವ ಬೂಟು ಹಾಕಿದರೂ ಉಂಗರ ಬೆರಳಿಗೆ ಒತ್ತತಿತ್ತು, ಅವರು "ಹಾಂ" ಅಂತಿದ್ರು, ನಾ ಬಿಚ್ಚತಿದ್ದೆ. ತಾಸ ಆತು. ನನಗೂ ತಲಿ ಕೆಟ್ಟಿತ್ತು.

"ಅಕ್ಕೋರ, ಒಂದು ಕೆಲಸ ಮಾಡ್ರಿ. ಹದಿನೈದು ದಿನದ ಮಟ್ಟಿಗೆ ಕಾಲುಂಗರ ತಗದಿಟ್ಟು ಹೋಗ್ರಿ" ಅಂದೆ.

ಬೋರ್ಡು ಓದಿ ಒಳಗ ಬಂದು ಮೂಲ್ಯಾಗ ಕುಂತಿದ್ದ ಯಜಮಾನರು ಕೆಮ್ಮಿದ್ರು. "ಭಾಯಿ, ನಾ ಇನ್ನೂ ಇಲ್ಲೇ ಕುಂತೇನಿ" ಅಂದ್ರು.

ಗಂಡ ಇರೂತನಾ ಕಾಲುಂಗರ ತಗಿಯಂಗಿಲ್ಲ ಅನ್ನೂದು ನನಗ ಗೊತ್ತಿಲ್ಲಂತಲ್ಲ, ಬಾಯಿ ಜಾರಿತ್ತು. ಆ ತಪ್ಪು ಮುಚ್ಚಾಕ ಮಾಳಿಗಿ ಹತ್ತಿ ಗಂಡಸರ ಬೂಟಿನ ಡಬ್ಬಿ ಎಲ್ಲಾ ಇಳಿಸಿದೆ. ಒಂದು ಕರೇ ಬೂಟು, ಮುಂದ ಅಗಲ, ತಳ ಮೆತ್ತಗ, ಎಂಟನೇ ನಂಬರು. ಅಕ್ಕೋರು ಹಾಕ್ಕೊಂಡು ಅಂಗಡ್ಯಾಗ ನಾಕು ಹೆಜ್ಜಿ ನಡದ್ರು. ಉಂಗರ ಒತ್ತಲಿಲ್ಲ. ಹೊಟೇಲಿನ ಬಚ್ಚಲಕ್ಕ ಇರಲಿ ಅಂತ ನೀಲಿ ಪಟ್ಟಿ ಹವಾಯಿ ಚಪ್ಪಲಿ ಒಂದು ಜೋಡಿ ನನ್ನ ಕಡೆಯಿಂದ ಪುಕ್ಕಟ ಚೀಲಕ್ಕ ಹಾಕಿದೆ.

ಯಜಮಾನರಿಗೂ ಆಶಾ ಆತು, ಅದ ಬೂಟಿನ್ಯಾಗ ಕಾಲಿಟ್ಟು ನೋಡಿದ್ರು. ಹಿಂದ ಎರಡು ಬೊಟ್ಟು ಜಾಗಾ ಉಳೀತು. ಅವರ ಮನ್ಯಾಗ ಯಾರು ದೊಡ್ಡವರು ಅನ್ನೂದು ಊರಿಗೆಲ್ಲಾ ಗೊತ್ತಿತ್ತು, ಅಳತಿ ಆದದ್ದು ಮಾತ್ರ ನಮ್ಮ ಅಂಗಡ್ಯಾಗ.

೩. ಬೂಟು ಪಳಗಿಸೂದು

ಹೊಸಾ ಬೂಟು ಹಾಕ್ಕೊಂಡು ಒಮ್ಮೆಲೆ ನಡದ್ರ ಗುಳ್ಳಿ ಏಳತಾವ. "ಹೋಗೂಕಿಂತ ಮೊದಲ ಇಪ್ಪತ್ತು ದಿನ ಹಾಕ್ಕೊಂಡು ಅಡ್ಡಾಡಿ ಪಳಗಿಸ್ರಿ" ಅಂತ ಹೇಳಿ ಕಳಿಸಿದ್ದೆ. ಮನಿಯೊಳಗ ಬೂಟು ಹಾಕೂವಂಗಿಲ್ಲ, ಅಡಗಿಮನಿ, ದೇವರಮನಿ ಅದಾವ. ಹಿಂಗಾಗಿ ಅಕ್ಕೋರು ನಸುಕಿನ್ಯಾಗ ಸವದತ್ತಿ ರಸ್ತೆ ಹಿಡದ್ರು.

ನಮ್ಮ ಕಡೆ ರಸ್ತೆ ಮ್ಯಾಲೆ ಹಿರ್‍ಯಾರು ನಡಕೋತ ಹೊಂಟಾರಂದ್ರ ಬಸ್ಸು ತಪ್ಪೇತಿ ಅಂತ ಅರ್ಥ. ಅದರಾಗ ಆ ರಸ್ತೆದಾಗ ಓಡಾಡೂವರು ಅರ್ಧಕ್ಕರ್ಧ ಅಕ್ಕೋರ ಶಿಷ್ಯರು. ಮೊದಲನೇ ದಿನ ಹಾಲಿನಂವ ಮೋಟರಸೈಕಲ್ ನಿಲ್ಲಿಸಿದ. ಎರಡನೇ ದಿನ ಕಬ್ಬಿನ ಟ್ರ್ಯಾಕ್ಟರ್ ನಿಂತಿತು. ಮೂರನೇ ದಿನ ಮನೋಳಿ ಬಸ್ಸಿನ ಕಂಡಕ್ಟರ್ ಸೀಟಿ ಊದಿ ಬಸ್ಸ ನಿಲ್ಲಿಸಿ ಕೆಳಗಿಳದು ಬಂದ. "ಅಕ್ಕೋರ, ನಾವು ಸತ್ತೇವೇನ್ರಿ, ನೀವು ನಡಕೋತ ಹೋಗಾಕ?" ಅಂದ. "ನಾ ಬೂಟು ಪಳಗಸಾಕ ಹತ್ತೇನೋ" ಅಂದ್ರ ಅಂವ ಕೇಳಬೇಕಲ್ಲ. ಕೈ ಹಿಡದು ಹತ್ತಿಸಿ ಕಿಡಕಿ ಬಾಜೂಕ ಕುಂದರಿಸಿದ.

ಆ ರಸ್ತೆ ಬ್ಯಾಡ ಅಂತ ಅಕ್ಕೋರು ಕಿತ್ತೂರ ರಸ್ತೆಗೆ ಹೋದ್ರು. ಅಲ್ಲಿ ಒಬ್ಬ ಶಿಷ್ಯ ಜೀಪಿನ್ಯಾಗ ಹಾಕ್ಕೊಂಡು ಸೀದಾ ಕಿತ್ತೂರಿಗೆ ಒಯ್ದು, ತನ್ನ ಮನ್ಯಾಗ ಉಪ್ಪಿಟ್ಟು ತಿನ್ನಿಸಿ, ಊರಿನ ಬಸ್ಸಿಗೆ ಹತ್ತಿಸಿ ಕಳಿಸಿದ.

ಎಂಟು ದಿನಕ್ಕ ಅಕ್ಕೋರು ಅಂಗಡಿಗೆ ಬಂದು ಬೂಟಿನ ತಳ ನನ್ನ ಮುಂದ ತಿರುವಿ ಹಿಡದ್ರು. ಧೂಳಿಲ್ಲ, ಗೆರಿ ಇಲ್ಲ. "ನಡಿಯಾಕಂತ ಹೋಗಿ ಇಷ್ಟು ಕುಂತದ್ದು ನನ್ನ ಜನ್ಮದಾಗ ಇಲ್ಲ" ಅಂದ್ರು.

೪. ರಾಮದುರ್ಗದ ಮದುವಿ

ನಂದೂ ಎಂಟನೇ ನಂಬರು. "ಕೊಡ್ರಿಲ್ಲಿ, ನಾ ಪಳಗಿಸಿ ಕೊಡತೇನಿ" ಅಂದೆ. ಶಾಬಾಸ್ ಬೇಕಾಗಿತ್ತಲ್ಲ. ಅಕ್ಕೋರ ಬೂಟಿಗೆ ನನ್ನ ಬೆವರು ಹತ್ತಬಾರದಂತ ಎರಡೆರಡು ಕಾಲುಚೀಲ ಹಾಕ್ಕೊಂಡು ಹತ್ತು ಹನ್ನೆರಡು ದಿನ ಅಡ್ಡಾಡಿದೆ. ಅದರಾಗ ರಾಮದುರ್ಗದಾಗ ಬೀಗರ ಮದುವಿ ಬಂತು.

ಮದುವಿ ಮಂಟಪದ ಹೊರಗ ನೂರಾರು ಜೋಡು. ಅಕ್ಕೋರ ಬೂಟು ಹೋದ್ರ ನನ್ನ ಗತಿ ಏನು? ನಮ್ಮ ಅಬ್ಬಾ ಕಲಿಸಿದ ಉಪಾಯ ಮಾಡಿದೆ. ಎಡಗಾಲಿಂದು ಮುಂದಿನ ಬಾಗಿಲಕ್ಕ ಬಿಟ್ಟೆ, ಬಲಗಾಲಿಂದು ಹಿಂದಿನ ಬಾಗಿಲಕ್ಕ. ಒಂಟಿ ಬೂಟು ಯಾರು ಕದೀತಾರ? ಆದರೂ ಬಿರ್ಯಾನಿ ತಿನ್ನೂದ್ರಾಗ ಮೂರು ಸಲ ಎದ್ದು ಬಾಗಿಲಕ್ಕ ಹೋಗಿ ನೋಡಿ ಬಂದೆ. ನನ್ನ ಬೀವಿ, "ನೀವು ಮದುವಿಗೆ ಬಂದೀರೋ, ಬೂಟು ಕಾಯಾಕ ಬಂದೀರೋ?" ಅಂತ ಬೈದಳು.

ಊಟಾ ಮಾಡಿ ಹೊರಗ ಬಂದೆ. ಸುರೇಬಾನದ ಕಡೆಯಿಂದ ಬಂದಿದ್ದ ಹಿರ್‍ಯಾ ಒಬ್ಬಾಂವ ಎಡಗಾಲಿಗೆ ಅಕ್ಕೋರ ಬೂಟು ಏರಿಸಿಕೊಂಡು, ಬಲಗಾಲು ಬರಿಗಾಲು, ಜೋಡಿನ ರಾಶಿ ಕೆದರಾಕ ಹತ್ತಿದ್ದ. ನನ್ನ ನೋಡಿ ತಾನ ಮಾತಾಡಿಸಿದ.

"ಇದರ ಬಲಗಾಲಿಂದು ಎಲ್ಲ್ಯರ ಕಂಡೀರೇನ್ರಿ? ಎಂಥಾ ಕಾಲ ಬಂತು ನೋಡ್ರಿ, ಮದುವಿ ಮನ್ಯಾಗೂ ಕಳ್ಳರು" ಅಂದ.

೫. ಶಾಬಾಸ್

ಬೂಟು ಪಳಗಿದ್ದವು. ಅಕ್ಕೋರಿಗೆ ಕೊಡೂ ಮುಂದ ರಾಮದುರ್ಗದ ಕಥಿ ಹೇಳಿ, "ಎಲ್ಲೇ ಬೂಟು ಬಿಟ್ಟರೂ ಬ್ಯಾರೆ ಬ್ಯಾರೆ ಬಾಗಿಲಕ್ಕ ಬಿಡ್ರಿ" ಅಂತ ಜಾಣತನಾನೂ ಕಟ್ಟಿ ಕೊಟ್ಟೆ. ಅಕ್ಕೋರು ಗೋಣು ಹಾಕಿದ್ರು. ನನ್ನ ಮಾತಿಗೆ ಅವರು ಗೋಣು ಹಾಕಿದ್ದು ಅದ ಮೊದಲು.

ಅವರು ಹೋಗಿದ್ದು ಹದಿನೈದು ದಿನ. ಅಷ್ಟೂ ದಿನ ನಾ ಗಿರಾಕಿ ಕಾಲು ಹಿಡದರೂ ಧ್ಯಾನ ಅಕ್ಕೋರ ಕಾಲಿನ ಮ್ಯಾಲೆ. ಗುಳ್ಳಿ ಎದ್ದಿರಬಾರದು ಅಂತ ದುವಾ ಮಾಡಿದೆ. ಬಂದ ಮರುದಿನಾನ ಇಬ್ಬರೂ ಅಂಗಡಿಗೆ ಬಂದ್ರು. ಅಕ್ಕೋರು ಬೆಂಚಿನ ಮ್ಯಾಲೆ ಕುಂತು ಎರಡೂ ಕಾಲು ಮುಂದ ಚಾಚಿದ್ರು.

"ನೋಡು. ಒಂದು ಗುಳ್ಳಿ ಐತೇನು?"

ಸ್ಟೂಲಿನ ಮ್ಯಾಲೆ ಕುಂತು ಬೆರಳು ಬೆರಳು ನೋಡಿದೆ. ಒಂದೂ ಇರಲಿಲ್ಲ. ಕಾಲುಂಗರ ಫಳಫಳ ಅಂತಿದ್ದವು. ನನಗ ಎದಿ ತುಂಬಿ ಬಂತು, ಕಣ್ಣೂ ತುಂಬಿದವು.

"ಶಾಬಾಸ್" ಅಂದ್ರು ಅಕ್ಕೋರು.

ಆಗ ಯಜಮಾನರು ಚೀಲದಾಗ ಕೈ ಹಾಕಿ ಒಂದು ಕರೇ ಬೂಟು ತಗದು ರೊಕ್ಕದ ಗಲ್ಲೆದ ಮ್ಯಾಲೆ ಇಟ್ಟರು. ಒಂದ. ಎಡಗಾಲಿಂದು.

"ಬಲಗಾಲಿಂದು ಎಲ್ಲೈತ್ರಿ?" ಅಂದೆ.

"ಇಟಲಿಯೊಳಗ" ಅಂದ್ರು.

ಮೊದಲನೇ ಊರಿನ್ಯಾಗ ಮೊದಲನೇ ದಿನ ಒಂದು ದೊಡ್ಡ ಚರ್ಚಿಗೆ ಹೋಗಿದ್ರಂತ. ಒಳಗ ಬೂಟು ನಡೀತಾವ ಅಂತ ಗೈಡು ಬಡಕೊಂಡ್ರೂ ಅಕ್ಕೋರು, "ದೇವರ ಮನಿ ಯಾವುದಾದ್ರೇನು" ಅಂತ ಬಿಚ್ಚಿದ್ರು. ಅವರು ಬಿಚ್ಚಿದ ಮ್ಯಾಲೆ ಉಳದ ಇಪ್ಪತ್ತೆರಡು ಮಂದಿನೂ ಬಿಚ್ಚಿದ್ರು. ಉಳದವರು ಮೆಟ್ಟಲಿನ ಮ್ಯಾಲೆ ಜೋಡಿ ಜೋಡಿ ಸಾಲಾಗಿ ಬಿಟ್ಟರು. ಅಕ್ಕೋರು ಮಾತ್ರ ನನ್ನ ಮಾತು ನೆನಸಿಕೊಂಡು ಎಡಗಾಲಿಂದು ಮುಂದಿನ ಬಾಗಿಲಕ್ಕ ಬಿಟ್ಟರು, ಅಷ್ಟು ದೊಡ್ಡ ಗುಡಿ ಸುತ್ತು ಹಾಕಿ ಬಲಗಾಲಿಂದು ಹಿಂದಿನ ಬಾಗಿಲದ ಒಳಗ ಇಟ್ಟರು. ನೋಡಿ ಮುಂದಿನ ಬಾಗಿಲಿಂದ ಹೊರಗ ಬಂದು ಹಿಂದಕ್ಕ ಸುತ್ತು ಹಾಕೂದ್ರಾಗ ಸಂಜಿ ಆಗಿ ಚರ್ಚಿನ ಎಲ್ಲಾ ಬಾಗಿಲಕ್ಕ ಕೀಲಿ ಬಿದ್ದಿತ್ತು. ಮರುದಿನ ನಸುಕಿನ್ಯಾಗ ಬಸ್ಸು ಮುಂದಿನ ದೇಶಕ್ಕ ಹೊಂಟಿತು.

"ಉಳದ ಇಪ್ಪತ್ತೆರಡು ಜೋಡಿ ಬಿಟ್ಟಲ್ಲೇ ಇದ್ದವು, ಭಾಯಿ. ಯಾರೂ ಮುಟ್ಟಿರಲಿಲ್ಲ" ಅಂದ್ರು ಯಜಮಾನರು.

"ಮತ್ತ ಅಕ್ಕೋರ, ಅಷ್ಟೂ ಊರು ಹೆಂಗ ನಡದ್ರಿ?" ಅಂದೆ.

ಅಕ್ಕೋರು ಸೀರಿ ನಿರಿಗಿ ಒಂಚೂರು ಎತ್ತಿ ಕೆಳಗ ಬಿಟ್ಟಿದ್ದ ಜೋಡು ತೋರಿಸಿದ್ರು. ನಾ ಬಚ್ಚಲಕ್ಕಂತ ಪುಕ್ಕಟ ಕೊಟ್ಟಿದ್ದ ಹವಾಯಿ ಚಪ್ಪಲಿ. ನೀಲಿ ಪಟ್ಟಿ, ತಳ ಸವದು ಹಪ್ಪಳ ಆಗಿತ್ತು.

"ಅಂದ್ರ ಆ ಶಾಬಾಸ್..." ಅಂದೆ.

ಅಕ್ಕೋರು ಒಂಟಿ ಬೂಟು ಎತ್ತಿ ನನ್ನ ಕೈಯಾಗ ಇಟ್ಟರು. "ನೀ ಒಂಚೂರೂ ಬದಲಾಗಿಲ್ಲ ನೋಡು. ರೀತಿ ತಪ್ಪು, ಉತ್ತರ ಸರಿ. ತಗೋ, ಅರ್ಧಾ" ಅಂದ್ರು.