ಕಟ್ಟಿಕೊಂಡ ಕೊಳವೆಯ ಕಾವಲು

ಒಳಚರಂಡಿ ಇಲಾಖೆಯ ನಿಯಮಾವಳಿಯ ಪ್ರಕಾರ, ಮನೆಯ ಕೊಳವೆ ಕಟ್ಟಿಕೊಂಡಿದೆ ಎಂದು ಹೇಳುವ ಅಧಿಕಾರ ಆ ಮನೆಯಲ್ಲಿ ವಾಸಿಸುವವರಿಗೆ ಇರುವುದಿಲ್ಲ. ಕಟ್ಟಿಕೊಂಡಿರುವಂತೆ ತಮಗೆ ತೋರುತ್ತಿದೆ ಎಂದು ಅವರು ಅರ್ಜಿ ಕೊಡಬಹುದು. ತೋರುತ್ತಿರುವುದು ಸರಿಯೇ ತಪ್ಪೇ ಎಂಬುದನ್ನು ಪರಿವೀಕ್ಷಕರು ಖುದ್ದಾಗಿ ಬಂದು ತೀರ್ಮಾನಿಸತಕ್ಕದ್ದು. ಅಲ್ಲಿಯವರೆಗೆ ಕೊಳವೆ ಸುಸ್ಥಿತಿಯಲ್ಲಿದೆ ಎಂದೇ ಭಾವಿಸತಕ್ಕದ್ದು.

ಈ ವಿಷಯ ರಟ್ಟಣ್ಣನಿಗೆ ಗೊತ್ತಿರಲಿಲ್ಲ. ಅವನದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಬೀದಿಯವರು ಅದೇ ಕಾರಣಕ್ಕೆ ಅವನಿಗೆ ಆ ಹೆಸರಿಟ್ಟಿದ್ದರು. ನಿಜವಾದ ಹೆಸರು ಅವನಿಗೂ ಸಹಿ ಹಾಕುವಾಗ ಮಾತ್ರ ನೆನಪಾಗುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅಂಟಿನ ಡಬ್ಬಿ, ದಾರದ ಉಂಡೆ, ದಬ್ಬಳ, ಗೋಡೆಗೆ ಒರಗಿಸಿಟ್ಟ ಕಚೇರಿಗಳ ರಿಜಿಸ್ಟರುಗಳು. ಮನೆಯಲ್ಲಿ ಇದ್ದವರು ಮೂವರೇ: ಅವನು, ಅವನ ಹೆಂಡತಿ, ಎಪ್ಪತ್ತೆಂಟು ವರ್ಷದ ತಾಯಿ.

ಒಂದು ಸೋಮವಾರ ಬೆಳಿಗ್ಗೆ ತಾಯಿ ಸ್ನಾನಕ್ಕೆ ಹೋದವರು ಎರಡೇ ನಿಮಿಷಕ್ಕೆ ಹೊರಗೆ ಬಂದು ಬಾಗಿಲಲ್ಲಿ ನಿಂತರು.

"ಲೋ, ನಾನು ಸುರಿದ ನೀರು ವಾಪಸ್ ಬರ್ತಿದೆ. ಜೊತೆಗೆ ನಾನು ಸುರೀದೇ ಇದ್ದದ್ದೂ ಬರ್ತಿದೆ."

ರಟ್ಟಣ್ಣ ಮೊದಲು ಬಿದಿರಿನ ಸೀಳು ತೂರಿಸಿ ನೋಡಿದ. ಆಮೇಲೆ ತಂತಿ. ಆಮೇಲೆ ಕುದಿಯುವ ನೀರು. ಮಧ್ಯಾಹ್ನದ ಹೊತ್ತಿಗೆ ಶೌಚಾಲಯವೂ ಬಚ್ಚಲಿನ ಪಕ್ಷ ಸೇರಿತು. ಪ್ಲಂಬರನನ್ನು ಕರೆಸಿದ. ಅವನು ಅಂಗಳದ ಛೇಂಬರಿನ ಮುಚ್ಚಳ ಎತ್ತಿ, ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿ, ಕೊಳವೆ ಹಳೆಯ ಕಾಲದ ಸುಟ್ಟ ಮಣ್ಣಿನದೆಂದೂ, ಜೋಡಣೆಗಳು ಬಾಯಿಬಿಟ್ಟಿವೆಯೆಂದೂ, ಅಂಗಳದ ಮರ ಅಲ್ಲಿಗೆಲ್ಲ ಬೇರು ಇಳಿಸಿದೆಯೆಂದೂ ಹೇಳಿದ. ಮನೆಯಿಂದ ಬೀದಿಯವರೆಗೆ ನಲವತ್ತು ಅಡಿ ಅಗೆದು, ಇದನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿದರೆ ಮೊಮ್ಮಕ್ಕಳ ಕಾಲದವರೆಗೂ ಚಿಂತೆಯಿಲ್ಲ. ಎರಡು ದಿನದ ಕೆಲಸ. ಆದರೆ ಇಲಾಖೆಯ ತಪಾಸಣೆ ಆಗದೆ ಗುದ್ದಲಿ ನೆಲಕ್ಕೆ ತಾಗಿದರೆ ತನ್ನ ಲೈಸೆನ್ಸು ಹೋಗುತ್ತದೆ ಎಂದ. ಹೋಗುವಾಗ ತಾನು ಈಗ ಹೇಳಿದ್ದನ್ನೆಲ್ಲ ಹೇಳಿಯೇ ಇಲ್ಲ ಎಂದು ತಿಳಿಯಬೇಕೆಂದೂ ಕೇಳಿಕೊಂಡ.

ರಟ್ಟಣ್ಣ ಅರ್ಜಿ ಕೊಟ್ಟ. "ಕೊಳವೆ ಕಟ್ಟಿಕೊಂಡಿದೆ" ಎಂದು ಬರೆದಿದ್ದರಿಂದ ಅದು ತಿರಸ್ಕೃತವಾಯಿತು. "ಕಟ್ಟಿಕೊಂಡಿರುವಂತೆ ತೋರುತ್ತಿದೆ" ಎಂದು ಬರೆದ ಎರಡನೆಯ ಅರ್ಜಿ ಸ್ವೀಕೃತವಾಗಿ, ಸರದಿಯಲ್ಲಿ ನಿಂತಿತು.

ಸರದಿ ಬರುವವರೆಗೆ ಮನೆಯವರು ಎದುರುಮನೆಯ ಕಾಂಪೌಂಡರನ ಶೌಚಾಲಯಕ್ಕೆ ಹೋಗಿಬರಬೇಕಾಯಿತು. ಕಾಂಪೌಂಡರ್ ಒಳ್ಳೆಯ ಮನುಷ್ಯ, ಬೇಡ ಎನ್ನಲಿಲ್ಲ. ಆದರೆ ತಾಯಿ ಮಾನಕ್ಕೆ ಅಂಜುವವರು. ಬೀದಿ ದಾಟುವಾಗಲೆಲ್ಲ ಕೈಯಲ್ಲೊಂದು ಬಟ್ಟಲು ಹಿಡಿದುಕೊಳ್ಳುತ್ತಿದ್ದರು, ಏನನ್ನೋ ಕೊಡಲು ಹೋಗುತ್ತಿರುವವರ ಹಾಗೆ. ಖಾಲಿ ಬಟ್ಟಲನ್ನು ವಾಪಸ್ ತಂದರೆ ನೋಡಿದವರು ಏನೆಂದಾರೆಂದು ಅಲ್ಲಿಯೇ ಬಿಟ್ಟು ಬರುತ್ತಿದ್ದರು. ಒಂದು ವಾರಕ್ಕೆ ಬಟ್ಟಲುಗಳು ಮುಗಿದವು. ಆಗ ತಾಯಿ ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಸೊಸೆ ಲೋಟ ತಂದು ಮುಂದೆ ಹಿಡಿದರೆ ಬಾಯಾರಿಕೆಯಿಲ್ಲ ಎಂದು ಮುಖ ತಿರುಗಿಸುತ್ತಿದ್ದರು.

ಹತ್ತೊಂಬತ್ತನೆಯ ದಿನ ಪರಿವೀಕ್ಷಕರು ದಯಮಾಡಿಸಿದರು. ಅವರ ಹಿಂದೆ ಇಬ್ಬರು ಆಳುಗಳು ಒಂದು ದೊಡ್ಡ ಸುರುಳಿಯನ್ನು ಹೊತ್ತು ತಂದರು. ಉದ್ದನೆಯ ಕೇಬಲ್ಲಿನ ತುದಿಯಲ್ಲಿ ಹೆಬ್ಬೆರಳು ಗಾತ್ರದ ಕ್ಯಾಮೆರಾ. ಇಡೀ ಇಲಾಖೆಗೆ ಅದೊಂದೇ ಕ್ಯಾಮೆರಾ ಎಂದು ಪರಿವೀಕ್ಷಕರು ತಗ್ಗಿದ ದನಿಯಲ್ಲಿ ತಿಳಿಸಿದರು. ಛೇಂಬರಿನಿಂದ ಅದನ್ನು ಒಳಗೆ ಬಿಟ್ಟು, ಪುಟ್ಟ ಪರದೆಯ ಮುಂದೆ ಎಲ್ಲರೂ ಸೇರಿದರು. ಕೊಳವೆಯ ಒಳಗೋಡೆ ಕಂಡಿತು. ಬಿರುಕು ಕಂಡಿತು. ಇಪ್ಪತ್ತೆರಡನೆಯ ಅಡಿಯಲ್ಲಿ ಜಡೆಗಟ್ಟಿದ ಕೂದಲಿನಂತೆ ಬೇರುಗಳು ಕಂಡವು. ಪರಿವೀಕ್ಷಕರು ಇನ್ನೂ ಸ್ವಲ್ಪ ಮುಂದಕ್ಕೆ ನೂಕಿ ಎಂದರು. ಆಳುಗಳು ನೂಕಿದರು. ಪರದೆ ಕಪ್ಪಾಯಿತು. ಹಿಂದಕ್ಕೆ ಎಳೆಯಿರಿ ಎಂದರು. ಎಳೆದರು. ಕೇಬಲ್ ಬಂತು, ಕ್ಯಾಮೆರಾ ಬರಲಿಲ್ಲ.

ಅಲ್ಲೇ ನಿಂತಿದ್ದ ಪ್ಲಂಬರ್, ಇದೋ ಈ ಜಾಗದಲ್ಲಿ ಮೂರಡಿ ಅಗೆದರೆ ಎರಡು ಗಂಟೆಯಲ್ಲಿ ಕ್ಯಾಮೆರಾನೂ ಬರುತ್ತದೆ, ಬೇರೂ ಬರುತ್ತದೆ ಎಂದು ಕಾಲಿನಿಂದ ಗೆರೆ ಎಳೆದು ತೋರಿಸಿದ. ಪರಿವೀಕ್ಷಕರು ಅವನನ್ನು ಕನಿಕರದಿಂದ ನೋಡಿದರು.

"ಅಗೀಬೇಕಾದ್ರೆ ಮೊದಲು ತಪಾಸಣೆ ಆಗ್ಬೇಕು. ತಪಾಸಣೆಗೆ ಕ್ಯಾಮೆರಾ ಬೇಕು. ಕ್ಯಾಮೆರಾ ಎಲ್ಲಿದೆ?"

"ಒಳಗಿದೆ ಸಾರ್," ಅಂದ ರಟ್ಟಣ್ಣ.

"ಅಷ್ಟೇ ನೋಡಿ ಯಜಮಾನ್ರೇ, ಬೇರೆ ಏನೂ ತೊಡಕಿಲ್ಲ."

ಅಲ್ಲೇ ಜಗಲಿಯ ಮೇಲೆ ಕೂತು ಮಹಜರು ಬರೆದರು. ಸದರಿ ಕೊಳವೆಯಲ್ಲಿ ಇಲಾಖೆಯ ಆಸ್ತಿ ನೆಲೆಸಿರುವುದರಿಂದ ಕೊಳವೆಯನ್ನು ಮುಟ್ಟುವುದು, ಕೆದಕುವುದು, ಅದರೊಳಗೆ ನೀರು ಬಿಡುವುದು ಅಪರಾಧವಾಗಿರುತ್ತದೆ. ಕ್ಯಾಮೆರಾ ಇದ್ದ ಜಾಗದಿಂದ ಕದಲಿದಲ್ಲಿ ಮನೆಯ ಯಜಮಾನನೇ ಹೊಣೆ. ತಡೆಯು ಯಥಾಸ್ಥಿತಿಯಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಪರಿಶೀಲಿಸತಕ್ಕದ್ದು. ರಟ್ಟಣ್ಣ ತನ್ನ ನಿಜವಾದ ಹೆಸರನ್ನು ನೆನಪು ಮಾಡಿಕೊಂಡು ಸಹಿ ಹಾಕಿದ.

ಮಾರನೆಯ ದಿನವೇ ಕಾವಲುಗಾರ ಬಂದ. ಸೌಮ್ಯ ಮನುಷ್ಯ. ಇಲಾಖೆಯ ಕುರ್ಚಿಯನ್ನು ಇಪ್ಪತ್ತೆರಡನೆಯ ಅಡಿಯ ಮೇಲೆ ಸರಿಯಾಗಿ ಇಟ್ಟುಕೊಂಡು ಕೂತ. ಮಧ್ಯಾಹ್ನ ಅವನು ಒಮ್ಮೆ ಎದ್ದು ಅತ್ತಿತ್ತ ನೋಡಿದಾಗ ಒಂದು ಗಂಭೀರ ಲೋಪ ಬೆಳಕಿಗೆ ಬಂತು. ಸರ್ಕಾರಿ ಆಸ್ತಿಯನ್ನು ಕಾಯುವ ಸಿಬ್ಬಂದಿಗೆ ಐವತ್ತು ಹೆಜ್ಜೆಗಳೊಳಗೆ ಶೌಚಾಲಯ ಒದಗಿಸತಕ್ಕದ್ದು ಎಂದು ನಿಯಮವಿತ್ತು. ಖಾಸಗಿಯವರದನ್ನು ಬಳಸಕೂಡದೆಂದೂ ಇತ್ತು. ಸಿಬ್ಬಂದಿ ಕಲ್ಯಾಣದ ವಿಷಯದಲ್ಲಿ ಇಲಾಖೆ ಎಂದೂ ಆಲಸ್ಯ ಮಾಡಿದ್ದಿಲ್ಲ. ಮೂರೇ ದಿನದಲ್ಲಿ ರಟ್ಟಣ್ಣನ ಅಂಗಳದಲ್ಲಿ, ಅವನು ಕೂತು ದಾರ ಪೋಣಿಸುವ ಕಿಟಕಿಯ ಎದುರಿಗೇ, ನೀಲಿ ಹೆಂಚಿನ ಶೌಚಾಲಯ ಎದ್ದು ನಿಂತಿತು. ಅದರಿಂದ ಬೀದಿಯವರೆಗೆ ಹೊಸ ಪ್ಲಾಸ್ಟಿಕ್ ಪೈಪು ಹಾಕಿದರು. ಹಳೆಯ ಕೊಳವೆಯ ಪಕ್ಕದಲ್ಲೇ, ಒಂದು ಮೊಳ ಅಂತರ ಬಿಟ್ಟು, ನಲವತ್ತು ಅಡಿ ಅಗೆದೇ ಹಾಕಿದರು.

ರಟ್ಟಣ್ಣ ಗುಂಡಿಯ ಅಂಚಿನಲ್ಲಿ ನಿಂತು ನೋಡಿದ. ಒಂದು ಮೊಳ. ಎಲ್ಬೋ ಎನ್ನುವ ಒಂದು ಬಾಗುಪೈಪು ಹಾಕಿ ಮನೆಯ ಕೊಳವೆಯನ್ನು ಇತ್ತ ತಿರುಗಿಸಿದರೆ ಮುಗಿಯಿತು. ಅದನ್ನು ಪೈಪು ಹಾಕಿಸುತ್ತಿದ್ದ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ತಲೆಯಾಡಿಸಿ, ಮಂಜೂರಾತಿ ಇರುವುದು ಕಾವಲುಗಾರನ ಪೈಪಿಗೆ, ನಿಮ್ಮದನ್ನು ಸೇರಿಸಬೇಕಾದರೆ ಕ್ಯಾಮೆರಾ ಒಳಗೆ ಬಿಟ್ಟು ತಪಾಸಣೆ ಮಾಡಬೇಕಲ್ಲ ಎಂದ. ಹಾಗಾದರೆ ಇದನ್ನು ಯಾವ ತಪಾಸಣೆ ಮಾಡಿ ಅಗೆದಿರಿ ಎಂದು ರಟ್ಟಣ್ಣ ಕೇಳಿದ್ದಕ್ಕೆ, ಹೊಸ ಪೈಪಿನಲ್ಲಿ ತಪಾಸಣೆ ಮಾಡಲು ಇನ್ನೂ ಏನೂ ಹೋಗಿಲ್ಲ ಎಂಬ ಸಮಂಜಸವಾದ ಉತ್ತರ ಬಂತು. ಸಂಜೆ ಶೌಚಾಲಯದ ಬಾಗಿಲಿಗೆ ಬೀಗ ಜಡಿದು, ಬಣ್ಣದಲ್ಲಿ ಬರೆದು ಹೋದರು: ಕರ್ತವ್ಯನಿರತ ಸಿಬ್ಬಂದಿಗೆ ಮಾತ್ರ.

ಆ ವಾರದಲ್ಲೇ ತಾಯಿ ಎದುರುಮನೆಯಿಂದ ಬರುವಾಗ ನಡುಬೀದಿಯಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕೂತರು. ಕಾಂಪೌಂಡರ್ ಓಡಿ ಬಂದು ನಾಡಿ ಹಿಡಿದು ನೋಡಿ, ಮೈಯಲ್ಲಿ ನೀರೇ ಇಲ್ಲ ಎಂದ. ಕಾವಲುಗಾರನೂ ಕುರ್ಚಿ ಬಿಟ್ಟು ಬಂದು ಒಂದು ಕೈ ಹಿಡಿದ. ತಾಯಿಯನ್ನು ಒಳಗೆ ಮಲಗಿಸಿದ ಮೇಲೆ ಅವನು ಹೊಸ್ತಿಲ ಹೊರಗೇ ನಿಂತು, ನನ್ನ ಕೈಯಲ್ಲಿದ್ದರೆ ಬೀಗ ತೆಗೆದುಬಿಡುತ್ತಿದ್ದೆ, ನನ್ನ ಕೆಲಸ ಹೋಗುತ್ತದಣ್ಣ ಎಂದು ನೆಲ ನೋಡುತ್ತಾ ಹೇಳಿದ. ರಟ್ಟಣ್ಣ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅಂಟಿನ ಕೈ ತೊಳೆಯದೆ ನೇರವಾಗಿ ಇಲಾಖೆಗೆ ನಡೆದ.

ಪರಿವೀಕ್ಷಕರ ಮೇಜಿನ ಮುಂದೆ ಅವನು ಎಷ್ಟು ಹೊತ್ತು ಮಾತಾಡಿದನೋ ಅವನಿಗೇ ತಿಳಿಯದು. ಕೊನೆಗೆ, ನಮ್ಮಮ್ಮ ನೀರು ಕುಡಿಯೋದು ಬಿಟ್ಟಿದ್ದಾರೆ ಸಾರ್, ಎಂದಷ್ಟೇ ಹೇಳಿದ. ಪರಿವೀಕ್ಷಕರು ಕಲ್ಲುಮನಸ್ಸಿನವರಲ್ಲ. ನಿಯಮಾವಳಿಯನ್ನು ತೆಗೆದು ಬಹಳ ಹೊತ್ತು ಹಾಳೆ ಮಗುಚಿದರು. ಪುಸ್ತಕದ ಹೊಲಿಗೆ ಬಿಚ್ಚಿಹೋಗಿ ಹಾಳೆಗಳು ಉದುರುತ್ತಿದ್ದವು. ರಟ್ಟಣ್ಣ ಅಷ್ಟು ದುಃಖದಲ್ಲೂ ಅವನ್ನು ಜೋಡಿಸಿ ಕೊಟ್ಟ.

"ಕಾವಲುಗಾರ ಶೌಚಾಲಯಕ್ಕೆ ಹೋದಾಗ ಕ್ಯಾಮೆರಾನ ಯಾರು ಕಾಯ್ತಾರೆ?" ಎಂದು ಪರಿವೀಕ್ಷಕರು ಇದ್ದಕ್ಕಿದ್ದಂತೆ ಕೇಳಿದರು.

"ಯಾರೂ ಇಲ್ಲ ಸಾರ್."

"ಘೋರ ಲೋಪ," ಎಂದು ಅವರು ಸಂತೋಷದಿಂದ ಪೆನ್ನು ತೆಗೆದರು.

ಹೀಗೆ ವಿರಾಮ ಕಾವಲುಗಾರ್ತಿ ಎಂಬ ಹುದ್ದೆ ಸೃಷ್ಟಿಯಾಯಿತು. ಕಾವಲುಗಾರರಿಗೆ ವಯೋಮಿತಿ ಇತ್ತು. ವಿರಾಮ ಕಾವಲುಗಾರ್ತಿಗೆ ವಯೋಮಿತಿಯನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಸಂದರ್ಶನ ಮನೆಯಲ್ಲೇ, ತಾಯಿಯ ಮಂಚದ ಪಕ್ಕದಲ್ಲೇ ನಡೆಯಿತು. ಕ್ಯಾಮೆರಾ ಎಲ್ಲಿದೆ ಎಂದು ಪರಿವೀಕ್ಷಕರು ಕೇಳಿದರು. ತಾಯಿ, ಪೈಪಿನಲ್ಲಿ ಎಂದರು. ಅದನ್ನು ಹೊರಗೆ ತೆಗೆಯುವ ಇಚ್ಛೆ ನಿಮಗಿದೆಯೇ ಎಂದು ಕೇಳಿದರು. ನನಗೇಕಪ್ಪ ಆ ಹೊಲಸು ಎಂದರು ತಾಯಿ. ಆಯ್ಕೆಯಾದರು. ಕೊರಳಿಗೆ ಫೋಟೋ ಇರುವ ಗುರುತಿನ ಚೀಟಿ ಬಂತು. ಅಂದು ತಾಯಿ ಸೊಸೆಯನ್ನು ಕರೆದು ಎರಡು ಲೋಟ ನೀರು ಕೇಳಿ ಕುಡಿದರು.

ಕಾವಲುಗಾರನೂ ತಾಯಿಯೂ ಏಕಕಾಲಕ್ಕೆ ಗೈರುಹಾಜರಾಗುವ ಸಂಭವವನ್ನು ಗಮನಿಸಿ ಮುಂದಿನ ತಿಂಗಳು ಹೆಂಡತಿ ಉಪ ವಿರಾಮ ಕಾವಲುಗಾರ್ತಿಯಾದಳು. ಒಂದೇ ಮನೆಯಿಂದ ಇಬ್ಬರಿಗಿಂತ ಹೆಚ್ಚು ಜನರನ್ನು ತೆಗೆದುಕೊಂಡರೆ ಸ್ವಜನಪಕ್ಷಪಾತವಾಗುತ್ತದೆ ಎಂದು ರಟ್ಟಣ್ಣನನ್ನು ಸೇರಿಸಲಿಲ್ಲ. ಅವನು ಸಿಬ್ಬಂದಿಯ ಸಂದರ್ಶಕನೆಂದು ದಾಖಲಾದ. ಶೌಚಾಲಯಕ್ಕೆ ಹೋಗುವ ಮುನ್ನ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಬಂದ ಸಮಯ, ಬಂದ ಉದ್ದೇಶ ಬರೆದು, ವಿರಾಮ ಕಾವಲುಗಾರ್ತಿಯ ಸಹಿ ಪಡೆಯಬೇಕು. ತಾಯಿ ಕನ್ನಡಕ ಏರಿಸಿ ಪ್ರತಿ ಕಲಮನ್ನೂ ಓದಿ, ಉದ್ದೇಶ ಸ್ಪಷ್ಟವಾಗಿಲ್ಲದಿದ್ದರೆ ವಾಪಸ್ ಕಳಿಸುತ್ತಿದ್ದರು. ಹೆತ್ತ ಮಗನಾದರೂ ಅವರು ಕರ್ತವ್ಯದಲ್ಲಿ ಸಡಿಲ ಬಿಡುತ್ತಿರಲಿಲ್ಲ.

ಬೀದಿಯವರು ಇದನ್ನೆಲ್ಲ ನೋಡುತ್ತಿದ್ದರು. ಮೂರು ದಿನದಲ್ಲಿ ಹೊಸ ಪೈಪು, ನೀಲಿ ಹೆಂಚು, ಮನೆಯಲ್ಲಿ ಇಬ್ಬರಿಗೆ ಕೆಲಸ. ಆ ಬೀದಿಯಲ್ಲಿ ಮಣ್ಣಿನ ಕೊಳವೆಯಿಲ್ಲದ ಮನೆಯೇ ಇರಲಿಲ್ಲ. ಒಬ್ಬೊಬ್ಬರಾಗಿ ಇಲಾಖೆಗೆ ಹೋಗಿ, ತಮ್ಮ ಕೊಳವೆಯಲ್ಲೂ ಒಂದು ಕ್ಯಾಮೆರಾ ಕಳೆದುಕೊಳ್ಳುವ ಕೃಪೆಯಾಗಬೇಕೆಂದು ಕೇಳಿದರು. ಒತ್ತಡ ಹೆಚ್ಚಿ, ಇಲಾಖೆ ಇನ್ನಷ್ಟು ಕ್ಯಾಮೆರಾ ತರಿಸಿ ಫಲಕದಲ್ಲಿ ಪ್ರಕಟಣೆ ಹಾಕಿತು:

"ಸಾರ್ವಜನಿಕರ ಗಮನಕ್ಕೆ. ಕೊಳವೆಯಲ್ಲಿ ಕ್ಯಾಮೆರಾ ಸಿಕ್ಕಿಸಿಕೊಳ್ಳಲು ಇಚ್ಛಿಸುವವರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಸುಸ್ಥಿತಿಯಲ್ಲಿರುವ ಕೊಳವೆಗಳನ್ನು ಪರಿಗಣಿಸಲಾಗುವುದಿಲ್ಲ. ಕ್ಯಾಮೆರಾ ಹಾಳಾಗದೆ ಹೊರಬಂದಲ್ಲಿ ಇಲಾಖೆ ಹೊಣೆಯಲ್ಲ."

ಕಾಂಪೌಂಡರನ ಕೊಳವೆ ದುರದೃಷ್ಟವಶಾತ್ ಚೆನ್ನಾಗಿತ್ತು. ಅವನ ಅರ್ಜಿ ಎರಡು ಸಲ ತಿರಸ್ಕೃತವಾಯಿತು. ಮೂರನೆಯ ಸಲ ಅರ್ಜಿ ಹಾಕುವ ಮುನ್ನ ಅವನು ಒಂದು ತಲೆದಿಂಬನ್ನು ಛೇಂಬರಿನೊಳಗೆ ತುರುಕಿದ. ಅರ್ಜಿ ಸ್ವೀಕೃತವಾಯಿತು. ಸರದಿ ಬರುವವರೆಗೆ ಅವನ ಮನೆಯವರು ರಟ್ಟಣ್ಣನ ಅಂಗಳಕ್ಕೆ ಬಂದು ಪುಸ್ತಕದಲ್ಲಿ ಉದ್ದೇಶ ಬರೆಯತೊಡಗಿದರು.

ಐದನೆಯ ತಿಂಗಳು ಒಂದು ಬೆಳಿಗ್ಗೆ ಹೆಂಡತಿ ಪಾತ್ರೆ ತೊಳೆದ ನೀರನ್ನು ಅಭ್ಯಾಸಬಲದಿಂದ ಬಚ್ಚಲಿಗೆ ಚೆಲ್ಲಿಬಿಟ್ಟಳು. ಅದು ಹೊರಟುಹೋಯಿತು. ಇನ್ನೊಂದು ಬಕೆಟ್ ಸುರಿದಳು. ಅದೂ ಹೋಯಿತು. ರಟ್ಟಣ್ಣ ಸದ್ದಿಲ್ಲದೆ ಪ್ಲಂಬರನನ್ನು ಕರೆಸಿದ. ಅವನು ಛೇಂಬರಿಗೆ ಕಿವಿಯಿಟ್ಟು, ಬೇರು ಕೊಳೆತು ಬಿಟ್ಟುಕೊಂಡಿದೆ, ಕ್ಯಾಮೆರಾ ಇಷ್ಟರಲ್ಲಿ ಯಾವ ಸಮುದ್ರದಲ್ಲಿದೆಯೋ ಎಂದು ಪಿಸುಗುಟ್ಟಿದ.

ರಟ್ಟಣ್ಣ ಛೇಂಬರಿನ ಮುಚ್ಚಳದ ಮೇಲೆಯೇ ಕೂತುಬಿಟ್ಟ. ನೀರು ಹರಿಯುವ ಇದೇ ಒಂದು ಸದ್ದಿಗಾಗಿ ಅವನು ಎಷ್ಟು ಕಡೆ ಕೈಮುಗಿದಿದ್ದ. ಈಗ ಕ್ಯಾಮೆರಾ ಕದಲಿದ್ದಕ್ಕೆ ಹೊಣೆ ಅವನದು, ಕಾವಲುಗಾರನ ಕೆಲಸ ಹೋಗುತ್ತದೆ, ಶೌಚಾಲಯವನ್ನು ಕೆಡವುತ್ತಾರೆ, ತಾಯಿಯ ಕೊರಳಿನ ಚೀಟಿ ವಾಪಸ್ ಕೊಡಬೇಕು. ಕಾವಲುಗಾರ ಕುರ್ಚಿಯಲ್ಲಿ ಕೂತಲ್ಲಿಂದಲೇ, ತನಗೆ ಒಂದು ಕಿವಿ ಅಷ್ಟಾಗಿ ಕೇಳಿಸುವುದಿಲ್ಲ ಎಂದು ಹೇಳಿದ. ಆಮೇಲೆ ಸ್ವಲ್ಪ ಯೋಚಿಸಿ, ಇನ್ನೊಂದೂ ಹಾಗೇ ಎಂದ.

ಆರನೆಯ ತಿಂಗಳು ಪರಿವೀಕ್ಷಕರು ತಡೆಯನ್ನು ಪರಿಶೀಲಿಸಲು ಬಂದರು. ಜಗಲಿಯಲ್ಲಿ ಕೂತು ಕಡತ ಬಿಚ್ಚಿದ ಹೊತ್ತಿಗೆ, ಶೌಚಾಲಯಕ್ಕೆಂದು ಬಂದಿದ್ದ, ಯಾವ ಸುದ್ದಿಯೂ ತಿಳಿಯದ ಕಾಂಪೌಂಡರನ ಹೆಂಡತಿ ಮನೆಯ ಬಚ್ಚಲಲ್ಲಿ ಕೈತೊಳೆದು ಬಕೆಟ್ ಮಗುಚಿದಳು. ನೀರು ಬಚ್ಚಲಿಂದ ಇಳಿದು, ಅಂಗಳದ ಕೆಳಗೆ, ಪರಿವೀಕ್ಷಕರ ಪಾದಗಳ ಕೆಳಗೆ, ಗಳಗಳ ಸದ್ದು ಮಾಡುತ್ತಾ ನಲವತ್ತು ಅಡಿಯನ್ನೂ ದಾಟಿ ಬೀದಿಗೆ ಹೋಯಿತು.

ಪರಿವೀಕ್ಷಕರು ಎತ್ತಿದ ಪೆನ್ನನ್ನು ಹಾಗೆಯೇ ಹಿಡಿದುಕೊಂಡರು. ಬೀದಿಯತ್ತ ನೋಡಿದರು. ಇಪ್ಪತ್ತೇಳು ಮನೆಗಳ ಮುಂದೆ ಇಪ್ಪತ್ತೇಳು ಗುಂಡಿಗಳು, ಅವುಗಳ ಪಕ್ಕದಲ್ಲಿ ನೀಲಿ ಹೆಂಚುಗಳ ರಾಶಿ. ಈ ಯೋಜನೆಗೆಂದೇ ಹೊಸದಾಗಿ ತೆರೆದ ವಿಭಾಗಕ್ಕೆ ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿ ಹಿಂದಿನ ವಾರವಷ್ಟೇ ಆದೇಶ ಬಂದಿತ್ತು.

"ಏನೋ ಸದ್ದಾಯ್ತಲ್ಲ?" ಎಂದರು.

"ನನಗೇನೂ ಕೇಳಿಸ್ಲಿಲ್ಲ," ಎಂದರು ತಾಯಿ. "ನಾನು ಇಲ್ಲೇ ಡ್ಯೂಟಿ ಮೇಲಿದೀನಿ."

ಸಿಬ್ಬಂದಿಯ ಹೇಳಿಕೆ ಇರುವಾಗ ಪರಿವೀಕ್ಷಕರು ಸ್ವಂತ ಕಿವಿಯನ್ನು ನಂಬುವ ಹಾಗಿರಲಿಲ್ಲ. ಅವರು ಕಡತದಲ್ಲಿ ದುಂಡಗೆ ಬರೆದರು: ತಡೆಯು ಭದ್ರವಾಗಿದೆ, ಉಸ್ತುವಾರಿ ತೃಪ್ತಿಕರ, ಕಾವಲನ್ನು ಮುಂದುವರಿಸತಕ್ಕದ್ದು. ತಾಯಿ ಕನ್ನಡಕ ಏರಿಸಿ ಪೂರ್ತಿ ಓದಿ, ಕೆಳಗೆ ಸಹಿ ಹಾಕಿದರು. ಅಷ್ಟರಲ್ಲಿ ಕಾವಲುಗಾರ ಕುರ್ಚಿಯಿಂದ ಎದ್ದು, ಮರ್ಯಾದೆಯಿಂದ ತಾಯಿಯ ಕಡೆ ನೋಡಿ ಶೌಚಾಲಯದತ್ತ ಹೊರಟ. ತಾಯಿ ಗುರುತಿನ ಚೀಟಿಯನ್ನು ನೇರ ಮಾಡಿಕೊಂಡು, ನಿಧಾನವಾಗಿ ನಡೆದುಹೋಗಿ, ಇಪ್ಪತ್ತೆರಡನೆಯ ಅಡಿಯ ಮೇಲೆ ಕೂತರು.