ಸೊಸೆಯ ಹಿಂದೆ ಬಂದವರು

ಅಲ್ಟ್ರಾ... ಅಲ್ಟ್ರಾ ಎಂತದೋ. ಅಲ್ಟ್ರಾಸೌಂಡ್ ಅಲ್ಲ, ಅದು ಹೊಟ್ಟೆಯದ್ದು. ನನ್ನ ಸೊಸೆ ಓಡುವುದು ಮ್ಯಾರಥಾನಿಗಿಂತಲೂ ಉದ್ದದ ಓಟ, ಅದೂ ರಸ್ತೆಯಲ್ಲಿ ಅಲ್ಲ, ಗುಡ್ಡ, ನೀರು ಹರಿಯುವ ತೋಡು, ಕಾಡಿನ ಕಾಲುದಾರಿಯಲ್ಲಿ. ಹೆಸರು ಅರ್ಧ ನೆನಪಾಗುತ್ತದೆ, ಉಳಿದರ್ಧ ಬರುವಷ್ಟರಲ್ಲಿ ಕೇಳುತ್ತಿದ್ದವರು ಎದ್ದು ಹೋಗಿರುತ್ತಾರೆ. ಹೆಸರು ಹಾಗಿರಲಿ. ಅವಳು ಓಡಲು ಶುರು ಮಾಡಿದಾಗಿನಿಂದ ನಮ್ಮ ಮನೆಯಲ್ಲಿ ಏನಾದರೊಂದು ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಓಡುವುದು ಅವಳು, ಏದುಸಿರು ನಮಗೆ.

ನಾನು ಗದಗದ ಕಡೆ ಹುಟ್ಟಿದವಳು. ಗಂಡನಿಗೆ ಉಡುಪಿಗೆ ವರ್ಗವಾಯಿತೆಂದು ಬಂದವರು ಬನ್ನಂಜೆಯಲ್ಲೇ ಉಳಿದುಬಿಟ್ಟೆವು. ಈಗ ಊರಿಗೆ ಹೋದರೆ ನನ್ನ ತಮ್ಮ, ಅಕ್ಕ ನೀನು ಪುಸ್ತಕ ಓದಿದಂಗ ಮಾತಾಡ್ತಿ ಎಂದು ಹಂಗಿಸುತ್ತಾನೆ. ಸೊಸೆ ಕಾಪುವಿನವಳು, ಮಣಿಪಾಲದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಮಾಡುತ್ತಾಳೆ. ಅವಳ ತಾಯಿ, ಅಂದರೆ ನನ್ನ ಬೀಗಿತ್ತಿ, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಮಕ್ಕಳನ್ನು ಓದಿಸಿದವರು. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನೂ ಅವರನ್ನು ಅಕ್ಕ ಎನ್ನುತ್ತೇನೆ. ನಮ್ಮಲ್ಲಿ ಯಾರು ದೊಡ್ಡವರು ಎಂಬುದನ್ನು ಇಬ್ಬರೂ ಒಪ್ಪಿಕೊಳ್ಳಲು ತಯಾರಿಲ್ಲ.

ಕಾಲು ಮುರಿದದ್ದು

ಹೊಳೆ ದಾಟಿ, ಬಂಡೆ ಹತ್ತಿ, ಜಿಗಣೆ ಕಚ್ಚಿಸಿಕೊಂಡು ಓಡಿ ಬಂದವಳಿಗೆ ಏನೂ ಆಗಿರಲಿಲ್ಲ. ಒಂದು ಭಾನುವಾರ ಕಾಪುವಿನ ತಾಯಿ ಮನೆಗೆ ಹೋಗಿದ್ದಳು. ಅಂಗಳದಲ್ಲಿ ಬಂಗುಡೆ ಮೀನು ಒಣಹಾಕಿದ್ದರಂತೆ. ಬೆಕ್ಕೊಂದು ಬಂದು ಬಾಯಿ ಹಾಕಿತು. ಇವಳು ಜಗಲಿಯಿಂದ ಹಾರಿದಳು. ಬೆಕ್ಕು ಮೀನಿನ ಜೊತೆ ಗೋಡೆ ಹತ್ತಿತು, ಇವಳ ಪಾದ ತೆಂಗಿನ ಕಟ್ಟೆಯ ಸಂದಿಗೆ ಹೋಯಿತು. ಪಾದದೊಳಗಿನ ಮೂಳೆ ಮುರಿದಿತ್ತು.

ಮಣಿಪಾಲದ ಮೂಳೆ ಡಾಕ್ಟರು, ಹೇಗಾಯಿತು ಎಂದು ಕೇಳಿದರು. ಸೊಸೆ ಗಂಭೀರವಾಗಿ, ಡಾಕ್ಟರ್, ನಾನು ಗುಡ್ಡದ ಓಟಗಾರ್ತಿ, ಐವತ್ತು ಕಿಲೋಮೀಟರ್ ಓಡುತ್ತೇನೆ ಎಂದು ಶುರು ಮಾಡಿದಳು. ಡಾಕ್ಟರು ಬಹಳ ಗೌರವದಿಂದ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಬೀಗಿತ್ತಿ ಅವರ ಪೆನ್ನಿನ ಕಡೆಗೇ ನೋಡಿ ಹೇಳಿದರು, "ಬೆಕ್ಕು ಅಂತ ಬರೆಯಿರಿ ಡಾಕ್ಟ್ರೆ."

ಆ ವರ್ಷದ ಓಟ ತಪ್ಪಿತು. ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೊಸೆ ಒಂದು ಸಂಜೆ, ಮುಂದಿನ ಸಲ ಈ ಓಟ ಮುಗಿಸಲು ಆಗದಿದ್ದರೆ ಶೂಗಳನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅತ್ತೆ, ಅಂದಳು. ತಮಾಷೆಗೆ ಹೇಳಿದ್ದಲ್ಲ. ಅವಳ ಮುಖ ನೋಡಿ ನಾನು ಒಳಗೆ ಹೋಗಿ ಸುಮ್ಮನೆ ಒಂದು ಪಾತ್ರೆ ತೊಳೆದೆ, ಮೊದಲೇ ತೊಳೆದದ್ದು.

ಮೂಳೆ ಕೂಡಿಸಿದವರು

ಮೂಳೆ ಕೂಡಬೇಕಾದರೆ ಏನು ತಿನ್ನಬೇಕು ಎಂಬ ಬಗ್ಗೆ ನನಗೂ ಬೀಗಿತ್ತಿಗೂ ಭಿನ್ನಾಭಿಪ್ರಾಯ ಇತ್ತು. ನಾನು ಬೆಳಿಗ್ಗೆ ರಾಗಿ ಅಂಬಲಿ, ಎಳ್ಳಿನ ಉಂಡೆ ಕೊಡುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಮೀನು ಮಾಡುವುದಿಲ್ಲ. ಆದ್ದರಿಂದ ಬೀಗಿತ್ತಿ ಮಧ್ಯಾಹ್ನದ ಬಸ್ಸಿನಲ್ಲಿ ಕಾಪುವಿನಿಂದ ಮುಚ್ಚಳ ಬಿಗಿದ ಕ್ಯಾರಿಯರ್ ತರುತ್ತಿದ್ದರು. ಸಣ್ಣ ಮೀನನ್ನು ಮುಳ್ಳಿನ ಸಮೇತ ಕರಗುವಂತೆ ಕುದಿಸಿದ ಸಾರು. ನಾನು ಕ್ಯಾರಿಯರನ್ನು ನೋಡದವಳ ಹಾಗೆ ಇರುತ್ತಿದ್ದೆ, ಅವರು ಅಂಬಲಿಯ ಲೋಟವನ್ನು ನೋಡದವರ ಹಾಗೆ. ಎರಡನ್ನೂ ತಿಂದು ಸೊಸೆ ದಪ್ಪಗಾದಳು.

ಎಕ್ಸ್‌ರೇ ತೆಗೆಸುವ ದಿನ ಇಬ್ಬರೂ ಹೋದೆವು. ಮೂಳೆ ಚೆನ್ನಾಗಿ ಕೂಡಿತ್ತು. ಬೀಗಿತ್ತಿ ಮುಂದೆ ಬಾಗಿ, ಮೀನು ಸಾರಿನಿಂದ ಅಲ್ವಾ ಡಾಕ್ಟ್ರೆ ಎಂದರು. ನಾನು ಮೆಲ್ಲಗೆ, ರಾಗಿ ಸಹ ಕೊಟ್ಟಿದ್ದೇವೆ ಎಂದೆ. ಡಾಕ್ಟರು ನಕ್ಕು, ಅದೆಲ್ಲ ಏನಲ್ಲ, ಕಾಲು ನೆಲಕ್ಕೆ ಊರದೆ ಸುಮ್ಮನೆ ಕೂತಿದ್ದರಲ್ಲ, ಅದಕ್ಕೆ ಕೂಡಿತು ಎಂದರು.

ಹಿಂದೆ ಬರುವಾಗ ಆಟೋದಲ್ಲಿ ಇಬ್ಬರೂ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆವು. ಆಮೇಲೆ ಬೀಗಿತ್ತಿ, ಡಾಕ್ಟ್ರಿಗೆ ಪ್ರಾಯ ಸಾಲದು ಅಕ್ಕ, ಎಂದರು. ಮಗನ ಮದುವೆಯಾದ ಮೇಲೆ ನಾವಿಬ್ಬರೂ ಪೂರ್ತಿ ಒಪ್ಪಿದ ಮೊದಲ ವಿಷಯ ಅದು.

ಮರಳಿನಲ್ಲಿ ಹುಡುಕಾಟ

ಮೊದಲು ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ನಡೆಯಬೇಕು, ಹೆಜ್ಜೆ ಹೇಗೆ ಬೀಳುತ್ತದೆ ಎಂದು ನೋಡಿಕೊಳ್ಳುತ್ತಾ ನಡೆಯಬೇಕು ಎಂದು ವ್ಯಾಯಾಮ ಹೇಳಿಕೊಡುವವರು ಹೇಳಿದ್ದರು. ಸೊಸೆ ಕಾಪು ಕಡಲ ಬದಿಯಲ್ಲಿ ಬೆಳಗ್ಗೆ ತಲೆ ತಗ್ಗಿಸಿ ಆ ಕಡೆ ಹೋಗುವುದು, ಈ ಕಡೆ ಬರುವುದು ಶುರು ಮಾಡಿದಳು. ನಾನು ದೋಣಿಯ ನೆರಳಿನಲ್ಲಿ ಕೂತಿರುತ್ತಿದ್ದೆ.

ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನೋಡಿದಳು. ಎದ್ದು ಬಂದು ಅವಳ ಹಿಂದೆಯೇ ತಲೆ ತಗ್ಗಿಸಿ ನಡೆದಳು. ಆಮೇಲೆ ಇನ್ನಿಬ್ಬರು ಬಂದರು. ಸೊಸೆ ಹೆಜ್ಜೆಯ ಲೆಕ್ಕದಲ್ಲಿ ಇದ್ದವಳು, ತಿರುಗಿ ನೋಡುವಾಗ ಅರ್ಧ ಕೇರಿಯೇ ಮರಳು ಕೆದಕುತ್ತಿತ್ತು. ಕಿವಿಯೋಲೆಯಾ, ಕರಿಮಣಿಯಾ ಎಂದು ಒಬ್ಬರು ಕೇಳಿದರು. ಏನೂ ಬಿದ್ದಿಲ್ಲ, ನಾನು ನಡೆಯುತ್ತಿದ್ದೇನೆ ಅಷ್ಟೇ ಎಂದರೆ ಯಾರೂ ನಂಬಲಿಲ್ಲ. ಗಂಡನ ಮನೆಯವರು ಅಲ್ಲಿ ಕೂತಿದ್ದಾರಲ್ಲ, ಅದಕ್ಕೆ ಹೇಳುವುದಿಲ್ಲ ಎಂದು ಒಬ್ಬಳು ನನ್ನ ಕಡೆ ನೋಡಿದಳು.

ಅಷ್ಟರಲ್ಲಿ ಒಬ್ಬಳಿಗೆ ನಿಜಕ್ಕೂ ಒಂದು ಕಾಲುಂಗುರ ಸಿಕ್ಕಿತು. ಇದಾ ನಿನ್ನದು ಎಂದು ಓಡಿ ಬಂದಳು. ಅಲ್ಲ ಎಂದಳು ಸೊಸೆ. ಆಕೆ ಅದನ್ನು ಸೆರಗಿಗೆ ಕಟ್ಟಿಕೊಂಡು, "ಹಾಗಾದರೆ ನಿನ್ನದು ಇನ್ನೂ ಇಲ್ಲೇ ಉಂಟು," ಎಂದು ಮತ್ತೆ ಕೆದಕಲು ಕೂತಳು.

ಹರಕೆ

ಕಾಲು ಗಟ್ಟಿಯಾದ ಮೇಲೆ ಏರು ಹತ್ತಿ ಇಳಿಯುವ ಅಭ್ಯಾಸ ಬೇಕಾಯಿತು. ಕಾರ್ಕಳದ ಬಾಹುಬಲಿ ಬೆಟ್ಟದ ಮೆಟ್ಟಿಲೇ ಸರಿ ಎಂದು ಶನಿವಾರ ಶನಿವಾರ ಹೋಗತೊಡಗಿದಳು. ನಾನು ಕೆಳಗೆ ನೀರಿನ ಬಾಟಲಿ ಹಿಡಿದು ಕೂರುವುದು, ಅವಳು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.

ಒಬ್ಬ ಹಿರಿಯರು, ಕೋಲು ಹಿಡಿದವರು, ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಎಷ್ಟು ಸಲದ ಹರಕೆ ಎಂದು ಕೇಳಿದರು. ಹರಕೆಯಲ್ಲ, ಕಾಲಿಗೋಸ್ಕರ ಎಂದೆ. ಕಾಲಿಗೋಸ್ಕರದ ಹರಕೆ ಎಂದು ಅವರು ಅರ್ಥ ಮಾಡಿಕೊಂಡರು. ಮುರಿದಿತ್ತಾ ಎಂದರು. ಹೌದು, ಈಗ ಸರಿಯಾಗಿದೆ ಎಂದೆ. ಅವರು ಬಹಳ ಯೋಚನೆ ಮಾಡಿ, ಸೊಸೆ ಕೆಳಗೆ ಬಂದಾಗ ಎದ್ದು ನಿಂತು, "ಅಮ್ಮಾ, ತೊಂದರೆ ಇಲ್ಲದಿದ್ದರೆ ನನ್ನ ಮಂಡಿಗೂ ಒಂದು ಸಲ ಹತ್ತಿ ಬನ್ನಿ," ಎಂದರು.

ಬೆವರಿಳಿಯುತ್ತಿದ್ದ ಸೊಸೆ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮತ್ತೆ ಹತ್ತಿ ಬಂದಳು. ಹಿರಿಯರು ಕೈಮುಗಿದು ಹೋದರು.

ಮುಂದಿನ ಶನಿವಾರ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅವರಿಗೆ ಸೊಂಟ.

ಓಟದ ದಿನ

ಓಟ ಬಜಗೋಳಿಯ ಆಚೆ ಗುಡ್ಡಗಳಲ್ಲಿ ಸುತ್ತಿ ಕಾರ್ಕಳದ ಹೊರಗಿನ ಒಂದು ಮೈದಾನದಲ್ಲಿ ಮುಗಿಯುವುದು. ದಾರಿ ತಪ್ಪದ ಹಾಗೆ ಮರಗಳಿಗೆ ಕೆಂಪು ರಿಬ್ಬನ್ ಕಟ್ಟಿರುತ್ತಾರೆ. ಎಲ್ಲರ ಹಿಂದೆ ಒಬ್ಬ ಆ ರಿಬ್ಬನ್‌ಗಳನ್ನು ಬಿಚ್ಚುತ್ತಾ ಒಂದೇ ಹದದಲ್ಲಿ ಬರುತ್ತಾನೆ. ಅವನು ಯಾರನ್ನು ದಾಟಿದನೋ ಅವರ ಓಟ ಅಲ್ಲಿಗೆ ಮುಗಿಯಿತು, ಜೀಪು ಹತ್ತಬೇಕು. ಸೊಸೆಗೆ ಹೆದರಿಕೆ ಇದ್ದದ್ದು ಅವನೊಬ್ಬನದ್ದೇ.

ಓಟದವರು ದಾರಿಯಲ್ಲಿ ನೀರು, ಬಾಳೆಹಣ್ಣು ಕೊಡಲು ಜನ ಬೇಕು ಎಂದಿದ್ದರು. ನಾನೂ ಬೀಗಿತ್ತಿಯೂ ಹೆಸರು ಕೊಟ್ಟೆವು. ಕೊನೆಯ ಹತ್ತು ಕಿಲೋಮೀಟರ್ ಉಳಿಯುವಲ್ಲಿ, ಒಂದು ಮನೆಯ ಅಂಗಳದಲ್ಲಿ ನಮ್ಮನ್ನು ಕೂರಿಸಿದರು. ಓಟದವರು ಕೊಟ್ಟದ್ದು ಸಾಲದೆಂದು ಬೀಗಿತ್ತಿ ಬೆಲ್ಲ ತಂದಿದ್ದರು, ಮನೆಗೆ ಬಂದವರಿಗೆ ಇಲ್ಲಿ ಮೊದಲು ಕೊಡುವುದು ನೀರು ಬೆಲ್ಲ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ.

ಮೊದಲು ಬಂದವನು ನಿಲ್ಲಲೇ ಇಲ್ಲ, ಕೈಬೀಸಿ ಹೋದ. ಬೀಗಿತ್ತಿಗೆ ಬೇಸರವಾಯಿತು. ಮನೆಯಲ್ಲಿ ಇವನಿಗೆ ಯಾರೂ ಹೇಳಿಕೊಡಲಿಲ್ಲವಾ ಎಂದರು. ಆಮೇಲೆ ಬಂದವರನ್ನು ಅಡ್ಡಗಟ್ಟಿಯೇ ಬೆಲ್ಲ ತಿನ್ನಿಸಿದರು.

ಎಲ್ಲರೂ ಹೋದರೆಂದುಕೊಂಡು ಬಹಳ ಹೊತ್ತಾದ ಮೇಲೆ ಸೊಸೆ ಬಂದಳು. ಓಟವಲ್ಲ, ನಡಿಗೆ. ಪ್ರತಿ ಹೆಜ್ಜೆಗೂ ನೆಲ ನೋಡುತ್ತಿದ್ದಳು. ಕಾಲು ನೋಯುತ್ತದಾ ಎಂದು ಕೇಳಿದೆ.

"ನೋವಿಲ್ಲ ಅತ್ತೆ. ಬೇರು ಕಂಡರೆ ಹೆದರಿಕೆ, ಕಲ್ಲು ಕಂಡರೆ ಹೆದರಿಕೆ. ಕಾಲು ಮುಂದಕ್ಕೆ ಹೋಗುವುದೇ ಇಲ್ಲ."

ಅವಳ ತಾಯಿ ಅವಳ ಬಾಯಿಗೆ ಬೆಲ್ಲ ತುರುಕಿ, ಅವನು ಬರುವ ಮೊದಲು ಹೋಗು ಎಂದು ಬೆನ್ನಿಗೆ ಒಂದು ಕೊಟ್ಟರು. ಸೊಸೆ ಹಿಂದೆ ತಿರುಗಿ ನೋಡುತ್ತಾ ಹೋದಳು.

ಸ್ವಲ್ಪದರಲ್ಲೇ ಒಬ್ಬ ಮನುಷ್ಯ ಬಂದ. ನಲವತ್ತು ದಾಟಿದವನು, ಕೈಯಲ್ಲಿ ಎರಡು ಕೆಂಪು ರಿಬ್ಬನ್. ನಾನು ಬೀಗಿತ್ತಿಯನ್ನು ನೋಡಿದೆ. ಅವರು ಆಗಲೇ ಎದ್ದು ದಾರಿಗೆ ಅಡ್ಡ ನಿಂತಿದ್ದರು. ಕೂತುಕೊಳ್ಳಿ ಎಂದರು. ಕೂರುವ ಹಾಗಿಲ್ಲ ಅಮ್ಮ ಎಂದ. ನಿಂತೇ ನೀರು ಕುಡಿದ. ಯಾವ ಊರು ಎಂದರು. ಕಲ್ಯಾಣಪುರ ಎಂದ. ಅಲ್ಲಿಗೆ ಅವನ ಕಥೆ ಮುಗಿಯಿತು.

ಕಲ್ಯಾಣಪುರದಲ್ಲಿ ಬೀಗಿತ್ತಿ ಬುಟ್ಟಿ ಇಳಿಸದ ಮನೆ ಇಲ್ಲ. ಇಗರ್ಜಿಯ, ಅಂದರೆ ಚರ್ಚಿನ, ಎಡಗಡೆಯಾ ಬಲಗಡೆಯಾ, ಹೊಳೆಯ ಬದಿಯಾ, ಬಾವಿ ಮುಂದೆ ಇರುವ ಮನೆಯಾ ಎಂದು ಕೇಳುತ್ತಾ ಹೋಗಿ ಅವನ ಅಡುಗೆಮನೆಯ ಬಾಗಿಲಿನವರೆಗೆ ತಲುಪಿದರು. "ಕಾಣೆ ಮೀನಿನ ಕಿವಿ ಎತ್ತಿ ನೋಡದೆ ತೆಗೆದುಕೊಳ್ಳದ ಬಾಯಮ್ಮನ ಮಗನಾ ನೀನು? ಮೀನು ಕಂಡರೆ ಅಳುತ್ತಿದ್ದೆಯಲ್ಲ ಮಾರಾಯ!"

ಅವನು ಕೂತುಬಿಟ್ಟ. ನಾನು ರೊಟ್ಟಿ ಹಾಕಿದೆ. ಅವನ ಕೈಗಡಿಯಾರ ಕುಯ್ ಕುಯ್ ಎಂದಿತು, ಇನ್ನೊಂದು ಹಾಕಿದೆ. ಇದು ಎಂತದು ಅಮ್ಮ, ಇಷ್ಟು ತೆಳ್ಳಗೆ ಎಂದ. ನಿಧಾನ ತಿನ್ನಪ್ಪ, ಅವಸರ ಮಾಡಿದರೆ ಗಂಟಲಿಗೆ ಹಿಡಿಯುತ್ತದೆ ಎಂದು ಚಟ್ನಿ ಬಡಿಸಿದೆ. ಸೊಸೆ ಈಗ ಆ ತಿರುವು ದಾಟಿರಬಹುದು, ಈಗ ಗುಡ್ಡ ಇಳಿದಿರಬಹುದು ಎಂದು ನನ್ನ ಮನಸ್ಸು ಓಡುತ್ತಿತ್ತು.

ಆಗ ಕಾಡಿನ ದಾರಿಯಿಂದ ಇನ್ನೊಬ್ಬ ಬಂದ. ಕೊರಳ ತುಂಬ ರಿಬ್ಬನ್, ಕೈಯಲ್ಲಿ ರಿಬ್ಬನ್, ಬೆನ್ನಿನ ಚೀಲದಿಂದ ಹೊರಗೆ ಇಳಿಬಿದ್ದ ರಿಬ್ಬನ್. ನಮ್ಮ ಅತಿಥಿಯನ್ನು ನೋಡಿ, ಸಾರ್, ನೀವು ಓಟದಲ್ಲಿ ಇದ್ದೀರಾ, ಬಿಟ್ಟಿರಾ ಎಂದು ಕೇಳಿದ.

ನನ್ನ ಕೈಯಲ್ಲಿದ್ದ ಚಟ್ನಿ ಚಮಚ ಹಾಗೆಯೇ ನಿಂತಿತು. ನಾವು ಕೂರಿಸಿಕೊಂಡದ್ದು ಪಾಪದ ಒಬ್ಬ ಓಟಗಾರನನ್ನು. ನೆಲಕ್ಕೆ ಬಿದ್ದಿದ್ದ ಎರಡು ರಿಬ್ಬನ್‌ಗಳನ್ನು ಹಾಳಾಗದಿರಲಿ ಎಂದು ಎತ್ತಿಕೊಂಡು ಬಂದಿದ್ದ, ಅಷ್ಟೇ.

ಅವನು ಎದ್ದು ಹೋಗುತ್ತಾನೆಂದು ನಾನು ಅಂದುಕೊಂಡೆ. ಅವನು ಗುಡ್ಡ ನೋಡಿದ, ತಟ್ಟೆ ನೋಡಿದ. "ಈ ರೊಟ್ಟಿ ಮುಗಿಸಿ ಹೇಳುತ್ತೇನೆ," ಎಂದ.

ದಾರಿಯಲ್ಲಿ ದಾಟಬಹುದಾದರೂ, ನೀರು ಕೊಡುವಲ್ಲಿ ಕೂತವನು ಬಿಟ್ಟೆ ಎನ್ನುವವರೆಗೆ ಮಾತ್ರ ರಿಬ್ಬನ್‌ನವನು ಅವನನ್ನು ದಾಟುವ ಹಾಗಿಲ್ಲವಂತೆ. ಅವನೂ ಕೂತ. ಅವನಿಗೂ ಹಸಿವಾಗಿತ್ತು. ಬೀಗಿತ್ತಿ ಅವನನ್ನೂ ಯಾವ ಊರು ಎಂದು ಕೇಳಿದರು.

ಅಂತೂ ಡಬ್ಬಿ ಖಾಲಿಯಾದ ಮೇಲೆ ಕಲ್ಯಾಣಪುರದವನು ಓಟ ಬಿಟ್ಟೆ ಎಂದ. ರಿಬ್ಬನ್‌ನವನು ಹೊಟ್ಟೆ ಸವರುತ್ತಾ ಮೆಲ್ಲಗೆ ಗುಡ್ಡ ಹತ್ತಿದ. ನಾವಿಬ್ಬರೂ ಅತಿಥಿಯ ಜೊತೆಗೆ ಜೀಪಿನಲ್ಲಿ ಕಾರ್ಕಳಕ್ಕೆ ಹೋದೆವು. ಜೀಪಿನಲ್ಲಿ ನಾನು ಸಂಕೋಚದಿಂದ, ನಿಮ್ಮ ಓಟ ನಾವು ಕೆಡಿಸಿದೆವು ಎಂದೆ. ಎಂತ ಕೆಡುವುದು ಅಮ್ಮ, ಯಾರಾದರೂ ಕೂತುಕೋ ಎನ್ನಲಿ ಎಂದು ಬೆಳಗ್ಗಿನಿಂದ ಕಾಯುತ್ತಿದ್ದೆ ಎಂದ.

ನಾವು ಮೈದಾನ ಮುಟ್ಟಿದಾಗ ದೂರದಲ್ಲಿ ಸೊಸೆ ಕಾಣಿಸಿದಳು. ನಡೆಯುತ್ತಿರಲಿಲ್ಲ. ಓಡುತ್ತಿದ್ದಳು, ನೆಲ ನೋಡದೆ, ತೋಳು ಬೀಸಿ, ಕಲ್ಲು ಹಾರಿ, ಬೆಕ್ಕಿನ ಹಿಂದೆ ಹೋದವಳ ಹಾಗೆಯೇ. ಸಮಯ ಇನ್ನೂ ಧಾರಾಳ ಇತ್ತು. ಗೆರೆ ದಾಟಿ ನನ್ನ ಹೆಗಲ ಮೇಲೆ ಬಿದ್ದು ಅತ್ತಳು, ನಕ್ಕಳು.

"ಅವನು ನನ್ನ ಹಿಂದೆಯೇ ಇದ್ದ ಅತ್ತೆ. ಗುಡ್ಡ ಇಳಿದಾಗಿನಿಂದ ಉಸಿರು ಕೇಳುತ್ತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಓಡಿಬಿಟ್ಟೆ."

ನಾನೂ ಬೀಗಿತ್ತಿಯೂ ಅವಳ ಹೆಗಲ ಮೇಲಿನಿಂದ ನೋಡಿದೆವು. ಗೆರೆಯ ಈಚೆ, ನಾಲಿಗೆ ಚಾಚಿ ಏದುಸಿರು ಬಿಡುತ್ತಾ, ಯಾರದೋ ಮನೆಯ ಕಂದು ನಾಯಿಯೊಂದು ಬಾಲ ಅಲ್ಲಾಡಿಸುತ್ತಿತ್ತು. ಬೀಗಿತ್ತಿ ನೆಲಕ್ಕೆ ಬಗ್ಗಿ, ಉಳಿದಿದ್ದ ಬೆಲ್ಲವನ್ನೆಲ್ಲ ಅದಕ್ಕೆ ಹಾಕಿಬಿಟ್ಟರು.

ಇದನ್ನೆಲ್ಲ ನಿನ್ನೆ ಮೊಮ್ಮಗಳಿಗೆ ಹೇಳುತ್ತಿದ್ದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಅಜ್ಜಿ, ಅಮ್ಮನಿಗೆ ಇವತ್ತೇ ಹೇಳುತ್ತೇನೆ ಎಂದು ಎದ್ದಳು. ನಾನು ಕೈ ಹಿಡಿದು ಕೂರಿಸಿದೆ.

"ಈಗ ಬೇಡ ಮಗಾ. ಮುಂದಿನ ಸಲ ಎಪ್ಪತ್ತು ಕಿಲೋಮೀಟರಂತೆ. ನೀನು ಬರೆದಿಡು, ಅವಳು ಓಡುವುದನ್ನು ಬಿಟ್ಟ ದಿನ ಓದಿ ಹೇಳು. ಅಲ್ಲಿಯವರೆಗೆ ಹಿಂದೆ ಬಂದದ್ದು ಮನುಷ್ಯನೇ."