ಹಗುರ ಪಿಸ್ತೂಲಿನ ತಯಾರಕರಿಗೆ ಭಾರವಾದ ವಂದನೆಗಳು

ಗರಿಹಗುರ ಪಿಸ್ತೂಲು ಕಂಪನಿಯ ವ್ಯವಸ್ಥಾಪಕರಾದ ಮಾನ್ಯರೇ,

ತಾವು ಸಪರಿವಾರ ಕ್ಷೇಮವೆಂದು ನಂಬಿ, ತಾವು ಕೂರುವ ಕುರ್ಚಿಯಾದರೂ ಉಕ್ಕಿನದೇ ಆಗಿರಲೆಂದು ಹಾರೈಸುತ್ತ, ಮಡಗಾಂವ್ ಶೂಟಿಂಗ್ ಕ್ಲಬ್ಬಿನ ಸುಮಲತಾ ಎಂಬ ನಾನು ಈ ಪತ್ರವನ್ನು ಊರೆಲ್ಲ ನೋಡುವಂತೆ ತಮಗೆ ಅರ್ಪಿಸುತ್ತಿದ್ದೇನೆ. ಔಷಧ ಕಾರ್ಖಾನೆಯಲ್ಲಿ ಗುಳಿಗೆ ಡಬ್ಬಿ ತುಂಬುವುದು ನನ್ನ ಉದ್ಯೋಗ. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿ ಹೊಡೆಯುವ ಹುಚ್ಚು ಇನ್ನೂ ಇಳಿದಿಲ್ಲ.

ತಮ್ಮ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟಿನ ಪಿಸ್ತೂಲನ್ನು ಮೊದಲ ಸಲ ಎತ್ತಿದಾಗ ಕೈಯಲ್ಲಿ ಏನಾದರೂ ಇದೆಯೇ ಎಂದು ತಿರುಗಿ ನೋಡಿಕೊಂಡೆ. ಎಷ್ಟು ಹಿಡಿದರೂ ಮಣಿಕಟ್ಟು ದಣಿಯದು, ಕಡಲಗಾಳಿಗೆ ತುಕ್ಕು ಹಿಡಿಯದು. ನನ್ನ ಪ್ರತಿಸ್ಪರ್ಧಿ, ಡಿಚೋಲಿಯ ಲಾರಿ ಚಾಲಕರ ಮಗಳು ರೂಪಾ ಮಾತ್ರ ತನ್ನ ಹಳೆಯ ಉಕ್ಕಿನ ಪಿಸ್ತೂಲಿಗೆ ಎಳೆಗೂಸಿನಂತೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದಳು. "ಒನಕಿ ಎತ್ತಿ ಎತ್ತಿ ಪೈಲ್ವಾನ ಆಗಾಕತ್ತಿ ನೋಡು" ಎಂದು ನಾನು ಕೆಣಕಿದರೆ, "ನಿಂದು ಗಾಳಿಗೆ ಹಾರೀತು, ದಾರ ಕಟ್ಕೊ" ಎನ್ನುತ್ತಿದ್ದಳು.

ರಾಜ್ಯ ಪಂದ್ಯ ಬಂತು. ರಾಷ್ಟ್ರೀಯ ಪಂದ್ಯಕ್ಕೆ ಹೋಗಲು ಇದ್ದದ್ದು ಒಂದೇ ಜಾಗ. ರೂಪಾ ಮೊದಲ ಸರದಿಯಲ್ಲಿ ಹೊಡೆದು ಎಲ್ಲರಿಗಿಂತ ಮುಂದಿದ್ದಳು. ಎರಡನೆಯ ಸರದಿಯಲ್ಲಿದ್ದ ನಾನು ಅವಳ ಬೆನ್ನಟ್ಟಿ ಇನ್ನೇನು ಹಿಡಿಯಬೇಕು ಎನ್ನುವಷ್ಟರಲ್ಲಿ ತಮ್ಮ ಪಿಸ್ತೂಲು ಕಚ್ಚಿಕೊಂಡಿತು. ತರಬೇತುದಾರ ಜುನೇದ ಸರ್ ಬಿಚ್ಚಿ ನೋಡಿ, "ಚೌಕಟ್ಟs ಸೀಳೈತಿ. ಇನ್ನೊಂದ ಗುಂಡ ಹಾರಿಸಿದ್ರ ನಿನ್ನ ಮಾರಿ ಉಳಿಯಂಗಿಲ್ಲ" ಎಂದರು. ಆಹಾ, ಮಾನ್ಯರೇ, ಎಂಥ ಸುಂದರ ಬಿರುಕು! ಕೂದಲೆಳೆಯಷ್ಟು ನವಿರು! ಗುಂಡಿನ ಪೆಟ್ಟನ್ನು ಉಕ್ಕು ಮೈಮೇಲೆ ತಾಳಿಕೊಳ್ಳುತ್ತದೆ; ತಮ್ಮದು ಪಾಪ, ಪ್ರತಿಯೊಂದನ್ನೂ ಮನಸ್ಸಿಗೆ ಹಚ್ಚಿಕೊಂಡಿತ್ತು.

ಕಟ್ಟಡದ ಕೆಲಸ ಬಿಟ್ಟು ಪಂದ್ಯ ನೋಡಲು ಬಂದಿದ್ದ ನಮ್ಮವ್ವ ಹುಲಿಗೆವ್ವ ಎದ್ದು ನಿಂತು, "ನಮ್ಮ ರೊಟ್ಟಿ ಹಂಚು ಅತ್ತಿ ಕಾಲದ್ದು, ಇನ್ನಾ ಬಿರಕ ಬಿಟ್ಟಿಲ್ಲ! ಅದನ್ನs ಕೊಡ್ತಿದ್ದೆ, ಕೇಳಬೇಕಿಲ್ಲೇನ?" ಎಂದು ಕೂಗಿದಳು. ಅಧಿಕಾರಿಗಳು ಅವಳನ್ನು ಕೂರಿಸಲು ಹರಸಾಹಸ ಪಟ್ಟರು.

ಬೇರೆ ಪಿಸ್ತೂಲು ಬಳಸಬಹುದು ಎಂದು ಅವರು ಹೇಳಿದರೇನೋ ನಿಜ, ಬೇರೆ ಎಲ್ಲಿತ್ತು? ಆಗ ರೂಪಾ ಎದ್ದು ಬಂದು ತನ್ನ ಒನಕೆಯನ್ನು ನನ್ನ ಮುಂದಿಟ್ಟಳು. "ತಗೊ. ನೀ ಸೋಲೂದಾದ್ರ ನನ್ನ ಕೈಲೆ ಸೋಲು, ಆ ಡಬ್ಬಿ ಕೈಲೆ ಬ್ಯಾಡ."

ತೋಳು ಕಿತ್ತು ಬರುವಂತಿತ್ತು, ಆದರೆ ಹೊಡೆದ ಮೇಲೂ ಪಿಸ್ತೂಲು ಬಂಡೆಯಂತೆ ಕುಂತಲ್ಲೇ ಕುಂತಿತ್ತು. ಕೊನೆಗೆ ನಮ್ಮಿಬ್ಬರ ಅಂಕ ಸಮವಾಯಿತು. ಸಮ ಬಿಡಿಸಲು ಮತ್ತೆ ಹೊಡೆಯಬೇಕು. ಇಬ್ಬರು ಹುಡುಗಿಯರು, ಒಂದೇ ಪಿಸ್ತೂಲು! ಅಧಿಕಾರಿಗಳು ತಲೆ ಕೆರೆದುಕೊಂಡು, ಸರದಿಯ ಮೇಲೆ ಹೊಡೆಯಿರಿ ಎಂದರು. ಬೀಗತಿಯರ ನಡುವೆ ಹೋಳಿಗೆ ತಟ್ಟೆ ಓಡಾಡುವಂತೆ ಅದು ಮೇಜಿನ ಮೇಲೆ ಅತ್ತಿತ್ತ ಓಡಾಡಿತು. ಅವಳಿಗೂ ನಗು, ನನಗೂ ನಗು. ನಗು ನುಂಗಿದರೆ ಗುರಿ ತಪ್ಪುತ್ತಿತ್ತು, ನಕ್ಕರಂತೂ ಕೇಳುವುದೇ ಬೇಡ. ಕಡೆಯ ಗುಂಡಿಗೆ ನಾನು ಗೆದ್ದೆ.

ರೂಪಾ ಅತ್ತ ತಿರುಗಿ ಪಿಸ್ತೂಲು ಒರೆಸತೊಡಗಿದಾಗ ನನ್ನ ಕುಣಿತವೆಲ್ಲ ನಿಂತಿತು. ಜಾಗ ನನ್ನದು, ಪಿಸ್ತೂಲು ಅವಳದು. ರಾಷ್ಟ್ರೀಯ ಪಂದ್ಯಕ್ಕೂ ಅದನ್ನೇ ಕೊಡು ಎಂದು ಯಾವ ಬಾಯಿಂದ ಕೇಳಲಿ? ಕಣ್ಣೊರೆಸಿಕೊಂಡು ಅವಳೇ ಅಂದಳು: "ಇದೊಂದs ಎಲ್ಲೂ ಹೋಗೂದಿಲ್ಲ, ಲೈಸನ್ಸ್ ನನ್ನ ಹೆಸರಿಲೆ ಐತಿ. ಜೋಡಿ ನಾನೂ ಬರ್ತೇನಿ. ಅಲ್ಲಿ ಸೋತಿ ಅಂದ್ರ ಪಿಸ್ತೂಲ ತಗೊಂಡು ಬರ್ತೇನಿ, ನಿನ್ನ ಅಲ್ಲೇ ಬಿಡ್ತೇನಿ."

ಆದ್ದರಿಂದ ಮಾನ್ಯರೇ, ಹೊಸ ಚೌಕಟ್ಟು ಕೇಳಿ ತಮಗೆ ತೊಂದರೆ ಕೊಡಲಾರೆ. ಹಗುರವಾದದ್ದನ್ನು ತಾವು ಹಗುರವಾಗಿಯೇ ಮಾಡುತ್ತಿರಿ. ಆದರೆ ಇನ್ನು ಮುಂದೆ ಪ್ರತಿ ಪಿಸ್ತೂಲಿನ ಪೆಟ್ಟಿಗೆಯಲ್ಲೂ ಒಬ್ಬೊಬ್ಬ ರೂಪಾಳನ್ನು ಇಟ್ಟು ಕಳಿಸಿಕೊಡಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ.

ತೋಳು ನೋವಿನಲ್ಲೂ ತಮ್ಮ ವಿಶ್ವಾಸಿ,
ಸುಮಲತಾ

ತಾಜಾಕಲಂ: ಪಿಸ್ತೂಲಿನ ಜೊತೆ ತಾವು ಕಳಿಸಿದ್ದ ಬಣ್ಣದ ಕರಪತ್ರವನ್ನು ಕ್ಲಬ್ಬಿನ ಅಲುಗಾಡುವ ಮೇಜಿನ ಕಾಲಡಿ ಮಡಚಿ ಇಟ್ಟಿದ್ದೇವೆ. ಒಂದು ಮಳೆಗಾಲ ಕಳೆದರೂ ಸವೆದಿಲ್ಲ, ಸೀಳಿಲ್ಲ. ಮುಂದಿನ ಪಿಸ್ತೂಲುಗಳನ್ನು ಅದೇ ಕಾಗದದಿಂದ ಮಾಡಬಾರದೇಕೆ?